ಹಳೇ ಸ್ಕ್ಯಾನರ್‌ಗೆ ಸಿಗ್ನಲ್ ಮೀಟರ್: ಮುಳ್ಳನ್ನು ಎಲ್ಲಿಗೆ ಕಟ್ಟೋದು?

ಸ್ಕ್ಯಾನರ್ ಅಂದರೆ ಇಲ್ಲಿ ಒಂದಾದ ಮೇಲೊಂದು ಚಾನೆಲ್ ತಡಕಿ, ಯಾರಾದರೂ ಮಾತಾಡುತ್ತಿದ್ದರೆ ಅಲ್ಲಿ ನಿಲ್ಲುವ ರೇಡಿಯೋ. ಬರುವ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ತೋರಿಸಲು ಅದಕ್ಕೆ ನಾನು ಮೊದಲು ಮಾಡಿದ ಸಿಗ್ನಲ್ ಮೀಟರ್ ಉಲ್ಟಾ ಕೆಲಸ ಮಾಡುತ್ತಿತ್ತು. ಸ್ಟೇಷನ್ ಇಲ್ಲದಾಗ ಮುಳ್ಳು ಬಲಗಡೆಗೆ ಹೋಗಿ ಬಡಿಯುತ್ತಿತ್ತು. ಸ್ಟೇಷನ್ ಬಂದ ಕೂಡಲೇ ಕೆಳಗೆ ಬಿದ್ದು, ಮಾತನಾಡುವವನ ದನಿಗೆ ತಕ್ಕಂತೆ ಕುಣಿಯುತ್ತಿತ್ತು. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಮುಳ್ಳು ಸೊನ್ನೆ. ಪಕ್ಕದ ರಸ್ತೆಯಿಂದ ಬರುವ ಸಿಗ್ನಲ್ಲಿಗೂ ಐವತ್ತು ಮೈಲಿ ಆಚೆಯದಕ್ಕೂ ಒಂದೇ ಕುಣಿತ. ಒಂದು ಇಡೀ ಭಾನುವಾರ ಕೂತು ಬೆಸುಗೆ ಹಾಕಿದ್ದೆ. ಹೆಂಡತಿ ಬಂದು ನೋಡಿ "ಚೆನ್ನಾಗಿದೆ, ಡಿಸ್ಕೋ ಲೈಟ್ ತರ" ಅಂದಳು.

ತಪ್ಪು ಬೆಸುಗೆಯಲ್ಲಿ ಇರಲಿಲ್ಲ. ಎಫ್‌ಎಂ ರೇಡಿಯೋ ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ ನನ್ನ ತಲೆಯಲ್ಲಿ ಸರಿಯಾಗಿ ಕೂತಿರಲಿಲ್ಲ. ಅದು ಕೂತ ಮೇಲೆ ಸರ್ಕ್ಯೂಟ್ ದೊಡ್ಡ ವಿಷಯವೇ ಅಲ್ಲ, ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ರೇಡಿಯೋ ಯಾವುದು ಅಂದರೆ ರಿಯಲಿಸ್ಟಿಕ್ ಪ್ರೊ-2006. 1990ರ ಸುಮಾರಿಗೆ ಅಮೆರಿಕದ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಮಾರುತ್ತಿದ್ದ ಮೇಜಿನ ಮೇಲಿಡುವ ಸ್ಕ್ಯಾನರ್, 400 ಚಾನೆಲ್‌ನದು. ನಾನಿರುವ ಒಹಾಯೋದಲ್ಲಿ ಪ್ರತಿ ಮೇ ತಿಂಗಳು ಹ್ಯಾಮ್‌ಗಳ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರ, ದೊಡ್ಡ ಜಾತ್ರೆ ನಡೆಯುತ್ತದೆ. ಅಲ್ಲಿ ಹಳೇ ಸಾಮಾನು ಹರವಿಕೊಂಡು ಕೂತಿದ್ದ ಒಬ್ಬ ಅಜ್ಜನ ಹತ್ತಿರ ತಗೊಂಡೆ. ಈಗ ಪೊಲೀಸ್, ಅಗ್ನಿಶಾಮಕ ದಳ ಬಹಳ ಕಡೆ ಡಿಜಿಟಲ್‌ಗೆ ಹೋಗಿಬಿಟ್ಟಿವೆ, ಅದು ಇದರಲ್ಲಿ ಕೇಳಿಸುವುದಿಲ್ಲ. ಆದರೆ ವಿಮಾನದವರು, ರೈಲಿನವರು, ಹ್ಯಾಮ್‌ಗಳು, ಹವಾಮಾನ ಇಲಾಖೆಯ ರೇಡಿಯೋ, ಇವೆಲ್ಲ ಇನ್ನೂ ಹಳೇ ಅನಲಾಗ್‌ನಲ್ಲೇ ಸಿಗುತ್ತವೆ. ಇದಕ್ಕೆ ಮೀಟರ್ ಒಂದೇ ಇಲ್ಲ. ಆಂಟೆನಾ ಆ ಕಡೆ ತಿರುಗಿಸಿದರೆ ಒಳ್ಳೆಯದೋ ಈ ಕಡೆಯೋ ಅಂತ ಕಿವಿಯಲ್ಲೇ ಅಳೆಯಬೇಕು. ಕಿವಿಗೆ ಅದು ಗೊತ್ತಾಗುವುದೇ ಇಲ್ಲ.

ಯಾಕೆ ಗೊತ್ತಾಗುವುದಿಲ್ಲ? ಊರಲ್ಲಿ ಸೇರಿನಲ್ಲಿ ರಾಗಿ ಅಳೆಯುವುದನ್ನು ನೋಡಿದವರಿಗೆ ಇದು ಸುಲಭ. ಸೇರಿನ ಮೇಲೆ ಗೋಪುರದಷ್ಟು ರಾಗಿ ಸುರಿದಿರಲಿ, ಅಂಚಿಗಿಂತ ಒಂಚೂರು ಮೇಲಿರಲಿ, ಮೇಲೆ ಒಂದು ಕೋಲು ಎಳೆದರೆ ಎರಡೂ ಸಮ. ಎಫ್‌ಎಂ ರೇಡಿಯೋ ಒಳಗೆ ಇದೇ ಕೆಲಸ ಮಾಡುವ ಭಾಗಕ್ಕೆ ಲಿಮಿಟರ್ ಅನ್ನುತ್ತಾರೆ. ಎಫ್‌ಎಂನಲ್ಲಿ ಮಾತು ಇರುವುದು ಅಲೆಯ ಎತ್ತರದಲ್ಲಲ್ಲ, ಅದು ಎಷ್ಟು ಬೇಗ ಬೇಗ ಬರುತ್ತಿದೆ ಅನ್ನುವುದರಲ್ಲಿ. ಎತ್ತರದಲ್ಲಿ ಇರುವುದು ಬರೀ ಗಲಾಟೆ: ಮಿಂಚು, ಮೋಟಾರ್ ಕಿಡಿ, ದಾರಿಯಲ್ಲಿ ಸಿಕ್ಕ ಏರಿಳಿತ. ಹಾಗಾಗಿ ಲಿಮಿಟರ್ ಸಿಗ್ನಲ್ಲನ್ನು ಬೇಕಾದ್ದಕ್ಕಿಂತ ನೂರಾರು ಪಟ್ಟು ಹೆಚ್ಚಿಸಿ, ಮೇಲೆ ಕೋಲು ಎಳೆದುಬಿಡುತ್ತದೆ. ಆಮೇಲೆ ಎಲ್ಲ ಸಿಗ್ನಲ್ಲೂ ಒಂದೇ ಎತ್ತರ. ಅಂದರೆ ನಮಗೆ ಬೇಕಾದ ಒಂದೇ ಒಂದು ಮಾಹಿತಿಯನ್ನು ಈ ರೇಡಿಯೋ ಬೇಕೂಂತಲೇ ಎಸೆಯುತ್ತಿದೆ.

ನಾನು ಮುಳ್ಳು ಕಟ್ಟಿದ್ದು ಕೋಲು ಎಳೆದ ಮೇಲೆ, ಅದೂ ಮಾತು ಹೊರಬರುವ ಜಾಗದಲ್ಲಿ. ಅಲ್ಲಿ ಸಿಗುವುದು ಮಾತಿನ ಜೋರು ಮಾತ್ರ. ಸ್ಟೇಷನ್ ಇಲ್ಲದಾಗ ಯಾಕೆ ಮೇಲೆ ಹೋಗುತ್ತಿತ್ತು ಅಂದರೆ, ಏನೂ ಇಲ್ಲದಾಗ ಲಿಮಿಟರ್ ಸುಮ್ನೆ ಕೂರುವುದಿಲ್ಲ, ರೇಡಿಯೋದ ಸ್ವಂತ ಸದ್ದನ್ನೂ ಆಂಟೆನಾಗೆ ಸಿಕ್ಕ ಗದ್ದಲವನ್ನೂ ಹಿಗ್ಗಿಸುತ್ತದೆ. ನಾವು ಕೇಳುವ ಆ "ಶ್ಶ್ಶ್" ಅದೇ.

ಈ ಶ್ಶ್ಶ್ ವ್ಯರ್ಥವಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಸ್ಟೇಷನ್ ಇಲ್ಲದಾಗ ಸ್ಪೀಕರ್ ಮುಚ್ಚಿಡುವ ಸ್ಕ್ವೆಲ್ಚ್ ಅನ್ನುವ ಭಾಗ ನಡೆಯುವುದೇ ಇದರ ಮೇಲೆ. ಮಾತಿಗಿಂತ ಮೇಲಿನ ಸ್ವರದಲ್ಲಿರುವ ಈ ಸದ್ದನ್ನು ಅದು ಅಳೆಯುತ್ತದೆ, ಸದ್ದು ಕಡಿಮೆಯಾದರೆ "ಯಾರೋ ಬಂದರು" ಅಂತ ಸ್ಪೀಕರ್ ತೆರೆಯುತ್ತದೆ, ಸ್ಕ್ಯಾನ್ ನಿಲ್ಲಿಸುತ್ತದೆ. ಈ ಸದ್ದನ್ನೇ ತಿರುಗಿಸಿ ಮೀಟರ್‌ಗೆ ಕೊಡುವವರೂ ಇದ್ದಾರೆ. ದುರ್ಬಲ ಸಿಗ್ನಲ್‌ಗಳಿಗೆ ಅದು ಪರವಾಗಿಲ್ಲ. ಆದರೆ ಸಿಗ್ನಲ್ ಸ್ವಲ್ಪ ಬಲವಾಯಿತು ಅಂದರೆ ಸದ್ದು ಪೂರ್ತಿ ಮಾಯ. ಆಮೇಲೆ ಎಷ್ಟೇ ಬಲ ಬಂದರೂ ಮುಳ್ಳು ಅಲ್ಲೇ ಕೂತಿರುತ್ತದೆ. ನನಗೆ ಅದು ಸಾಲಲಿಲ್ಲ.

ಹಾಗಾದರೆ ಎಲ್ಲಿ ಕಟ್ಟೋದು? ಕೋಲು ಎಳೆಯುವ ಮುಂಚೆ.

ಆ ಕಾಲದ ಬಹಳಷ್ಟು ಸ್ಕ್ಯಾನರ್‌ಗಳಲ್ಲಿ ಹದಿನಾರು ಕಾಲಿನ ಒಂದು ಚಿಪ್ ಕೂತಿರುತ್ತದೆ. ಮೊಟೊರೊಲಾದ ಎಂಸಿ3357, ಎಂಸಿ3361, ಟೋಕೋದ ಟಿಕೆ10420, ಇವೆಲ್ಲ ಒಂದೇ ಮನೆಯವು. ನನ್ನ ಪ್ರೊ-2006ರಲ್ಲಿ ಇರುವುದು ಟಿಕೆ10420. ಆಂಟೆನಾದಿಂದ ಬಂದ ಸಿಗ್ನಲ್ ಫ್ರೀಕ್ವೆನ್ಸಿಯಲ್ಲಿ ಹಲವು ಹಂತ ಇಳಿದು 16ನೇ ಕಾಲಿನಿಂದ ಒಳಗೆ ಬರುತ್ತದೆ. ಅಲ್ಲಿ ಕೊನೆಯ ಸಲ ಇಳಿದು 455 ಕಿಲೋಹರ್ಟ್ಸ್ ಆಗಿ 3ನೇ ಕಾಲಿನಿಂದ ಹೊರಗೆ ಬರುತ್ತದೆ. ಹೊರಗೆ ಒಂದು ಸೆರಾಮಿಕ್ ಫಿಲ್ಟರ್ ಇದೆ, ಅದನ್ನು ದಾಟಿ 5ನೇ ಕಾಲಿನಿಂದ ಮತ್ತೆ ಒಳಗೆ, ನೇರ ಲಿಮಿಟರ್‌ಗೆ. ಮಾತು ಹೊರಗೆ ಬರುವುದು 9ನೇ ಕಾಲಿನಲ್ಲಿ. ನಾನು ಮೊದಲು ಕಟ್ಟಿದ್ದು ಅಲ್ಲೇ.

ಅಂದರೆ ಆಯ್ಕೆ ಎರಡು: 3 ಅಥವಾ 5. ಮೂರನೆಯದರಲ್ಲಿ ಕಟ್ಟುವುದು ಸುಲಭ, ರೇಡಿಯೋಗೆ ತೊಂದರೆ ಕಡಿಮೆ. ಆದರೆ ಅಲ್ಲಿ ಇನ್ನೂ ಫಿಲ್ಟರ್ ಆಗಿಲ್ಲ. ಅಕ್ಕಪಕ್ಕದ ಚಾನೆಲ್‌ನಲ್ಲಿ ಯಾರಾದರೂ ಕೂಗುತ್ತಿದ್ದರೆ ಮುಳ್ಳು ಅವರಿಗೂ ಏಳುತ್ತದೆ. ನೀವು ಕೇಳುತ್ತಿರುವುದು ಒಂದು, ಮುಳ್ಳು ತೋರಿಸುತ್ತಿರುವುದು ಇನ್ನೊಂದು. ಐದನೆಯದರಲ್ಲಿ ಫಿಲ್ಟರ್ ಬಿಟ್ಟುಕೊಟ್ಟದ್ದು ಮಾತ್ರ ಇರುತ್ತದೆ, ಅಂದರೆ ನೀವು ಕೇಳುತ್ತಿರುವ ಚಾನೆಲ್ ಮಾತ್ರ. ನಮಗೆ ಬೇಕಾದ್ದು ಐದನೆಯದು.

ಇಲ್ಲಿ ಎರಡನೇ ಸಲ ಕೈ ಸುಟ್ಟುಕೊಂಡೆ. ಐದನೇ ಕಾಲಿನಿಂದ 100 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿ, ಒಂದಡಿ ಉದ್ದದ ತಂತಿ ಎಳೆದು ಮುಂದಿನ ಪ್ಯಾನೆಲ್ ಹತ್ತಿರ ಇಟ್ಟಿದ್ದ ಬೋರ್ಡಿಗೆ ಕೊಟ್ಟೆ. ರೇಡಿಯೋ ಅರ್ಧ ಕಿವುಡಾಯಿತು. ಲೆಕ್ಕ ಹಾಕಿ ನೋಡಿದರೆ ಕಾರಣ ಸಿಗುತ್ತದೆ: 455 ಕಿಲೋಹರ್ಟ್ಸ್‌ನಲ್ಲಿ 100 ಪಿಕೋಫ್ಯಾರಡ್ ಅಂದರೆ ಸುಮಾರು ಮೂರೂವರೆ ಸಾವಿರ ಓಮ್. ಆ ಸೆರಾಮಿಕ್ ಫಿಲ್ಟರ್ ಬಯಸುವುದು ಸಾಮಾನ್ಯವಾಗಿ ಒಂದೂವರೆ ಎರಡು ಸಾವಿರ ಓಮ್ ಲೋಡ್. ನಾನು ಅದರ ಹೆಗಲ ಮೇಲೆ ಇನ್ನೊಂದು ಮೂಟೆ ಹೊರಿಸಿದ್ದೆ. ಮೇಲಾಗಿ ಆ ತಂತಿಯೇ ಒಂದು ಆಂಟೆನಾ, ರೇಡಿಯೋದ ಡಿಸ್‌ಪ್ಲೇ ಗದ್ದಲವನ್ನೆಲ್ಲ ಹೊತ್ತು ತಂದಿತ್ತು. ಅದೇ ಕೆಪಾಸಿಟರ್ 10 ಪಿಕೋ ಆದರೆ 35 ಸಾವಿರ ಓಮ್. ರೇಡಿಯೋಗೆ ಅದು ಇದ್ದದ್ದೇ ಗೊತ್ತಾಗುವುದಿಲ್ಲ. ಆದರೆ ಅಷ್ಟು ಸಣ್ಣ ದಾರಿಯಿಂದ ಸಿಗ್ನಲ್ ತಗೊಳ್ಳಬೇಕಾದರೆ ಆಚೆ ಕಡೆ ಇರುವುದು ಏನನ್ನೂ ಎಳೆದುಕೊಳ್ಳಬಾರದು. ಅದಕ್ಕೆ ಒಂದು ಎಫ್‌ಇಟಿ ಬೇಕು. ಗೇಟ್, ಸೋರ್ಸ್, ಡ್ರೇನ್ ಅನ್ನುವ ಮೂರು ಕಾಲಿನ ಟ್ರಾನ್ಸಿಸ್ಟರ್ ಅದು, ಅದರ ಗೇಟ್ ಹೆಚ್ಚುಕಮ್ಮಿ ಏನನ್ನೂ ಎಳೆದುಕೊಳ್ಳುವುದಿಲ್ಲ.

ಇಷ್ಟಾದ ಮೇಲೂ ಮುಳ್ಳಿಗೆ ನೇರ ಕೊಡಲು ಆಗುವುದಿಲ್ಲ. ಹಳೇ ಕಾಲದಲ್ಲಿ ಒಂದು ಟ್ರಾನ್ಸಿಸ್ಟರ್‌ನಲ್ಲಿ ಹಿಗ್ಗಿಸಿ, ಒಂದೆರಡು ಜರ್ಮೇನಿಯಂ ಡಯೋಡ್ ಹಾಕಿ ಮೀಟರ್ ಕಟ್ಟುತ್ತಿದ್ದರು. ಮುಳ್ಳು ಅಲ್ಲಾಡುತ್ತದೆ, ಸುಳ್ಳಲ್ಲ. ಆದರೆ ಯೋಚನೆ ಮಾಡಿ: ಆಂಟೆನಾದಲ್ಲಿ ಅರ್ಧ ಮೈಕ್ರೋವೋಲ್ಟ್ ಇದ್ದರೂ ಈ ರೇಡಿಯೋ ಮಾತು ಕೇಳಿಸುತ್ತದೆ. ಹತ್ತಿರದ ಸ್ಟೇಷನ್ ಒಂದು ಐದು ಸಾವಿರ ಮೈಕ್ರೋವೋಲ್ಟ್ ಕೊಡಬಹುದು. ಹತ್ತು ಸಾವಿರ ಪಟ್ಟು ವ್ಯತ್ಯಾಸ! ಮೀಟರಿನಲ್ಲಿ ಐವತ್ತು ಗೆರೆ ಇದ್ದರೆ ಒಂದು ಗೆರೆಗೆ ನೂರು ಮೈಕ್ರೋವೋಲ್ಟ್. ನಿಮಗೆ ನಿಜವಾಗಿ ಆಸಕ್ತಿ ಇರುವ ದೂರದ ಸಿಗ್ನಲ್‌ಗಳೆಲ್ಲ ಮೊದಲನೇ ಗೆರೆಯ ಒಳಗೇ ಮುಗಿದುಹೋಗುತ್ತವೆ. ಲಾರಿ ತೂಗುವ ಕಾಟಾದ ಮೇಲೆ ಮೂಗುತಿ ಇಟ್ಟ ಹಾಗೆ.

ಇದಕ್ಕೇ ಡೆಸಿಬೆಲ್. ಹೆಸರು ಕೇಳಿ ಹೆದರಬೇಡಿ. ವೋಲ್ಟೇಜ್ ಎರಡು ಪಟ್ಟಾದರೆ 6 ಡೆಸಿಬೆಲ್, ಹತ್ತು ಪಟ್ಟಾದರೆ 20. ಹತ್ತು ಸಾವಿರ ಪಟ್ಟು ಅಂದರೆ 80, ಅಷ್ಟೇ. ಗುಣಿಸುವುದನ್ನೆಲ್ಲ ಕೂಡುವುದಾಗಿ ಮಾಡಿಬಿಡುತ್ತದೆ. ಮುಳ್ಳು ಮೈಕ್ರೋವೋಲ್ಟ್ ಬದಲು ಡೆಸಿಬೆಲ್ ಲೆಕ್ಕದಲ್ಲಿ ನಡೆದರೆ ಸಣ್ಣದೂ ಕಾಣುತ್ತದೆ, ದೊಡ್ಡದೂ ಒಳಗೇ ಇರುತ್ತದೆ.

ಈಗ ಈ ಇಡೀ ವಿಷಯದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ. ಸಿಗ್ನಲ್ಲನ್ನು ಡೆಸಿಬೆಲ್‌ಗೆ ತಿರುಗಿಸುವ ಚಿಪ್ ಒಳಗೆ ಏನಿದೆ ಗೊತ್ತಾ? ಅದೇ ಲಿಮಿಟರ್! ಎಡಿ8307 ಅನ್ನುವ ಎಂಟು ಕಾಲಿನ ಚಿಪ್ ತಗೊಳ್ಳಿ. ಒಳಗೆ ಸಾಲಾಗಿ ಆರು ಸಣ್ಣ ಆಂಪ್ಲಿಫೈಯರ್, ಒಂದೊಂದೂ 14.3 ಡೆಸಿಬೆಲ್ ಹಿಗ್ಗಿಸುತ್ತದೆ, ಒಂದೊಂದಕ್ಕೂ ಮೇಲೆ ಕೋಲು ಎಳೆಯುವ ಮಿತಿ ಇದೆ. ಸಿಗ್ನಲ್ ಸಣ್ಣದಿದ್ದಾಗ ಕೊನೆಯ ಹಂತ ಮಾತ್ರ ತುಂಬುತ್ತದೆ. ಸ್ವಲ್ಪ ದೊಡ್ಡದಾದರೆ ಅದರ ಹಿಂದಿನದೂ ತುಂಬುತ್ತದೆ. ಇನ್ನೂ ದೊಡ್ಡದಾದರೆ ಅದರ ಹಿಂದಿನದು. ದೇವಸ್ಥಾನದ ಕಲ್ಯಾಣಿಯಲ್ಲಿ ನೀರು ಎಷ್ಟಿದೆ ಅಂತ ಯಾರೂ ಲೀಟರ್ ಲೆಕ್ಕ ಹಾಕುವುದಿಲ್ಲ, ಎಷ್ಟು ಮೆಟ್ಟಿಲು ಮುಳುಗಿದೆ ನೋಡುತ್ತಾರೆ, ಅಲ್ವಾ? ಇಲ್ಲೂ ಹಾಗೇ. ಪ್ರತಿ ಹಂತದಲ್ಲೂ ಒಂದು ಡಿಟೆಕ್ಟರ್ ಇದ್ದು, "ನಾನು ತುಂಬಿದೆ" ಅನ್ನುವುದನ್ನೆಲ್ಲ ಕೂಡಿಸಿ ಹೊರಗೆ ಒಂದು ವೋಲ್ಟೇಜ್ ಕೊಡುತ್ತದೆ. ಒಂದು ಡೆಸಿಬೆಲ್‌ಗೆ 25 ಮಿಲಿವೋಲ್ಟ್. ಬಲವನ್ನು ಅಳಿಸಿಹಾಕುವ ಲಿಮಿಟರೇ, ಒಂದೊಂದು ಮೆಟ್ಟಿಲಲ್ಲೂ ನಿಂತು ನೋಡಿದರೆ, ಬಲವನ್ನು ಹೇಳಿಬಿಡುತ್ತದೆ.

ಆಮೇಲೆ ಬಂದ ಚಿಪ್‌ಗಳಲ್ಲಿ ಇದನ್ನು ಒಳಗೇ ಸೇರಿಸಿದರು. ಎಂಸಿ3371 ನೋಡಲು ಎಂಸಿ3361 ತರವೇ, 13ನೇ ಕಾಲಿನಲ್ಲಿ ಮೀಟರ್‌ಗೆ ಬೇಕಾದ ಔಟ್‌ಪುಟ್ ಇದೆ. ಹಾಗಂತ ಹಳೆಯದನ್ನು ಕಿತ್ತು ಇದನ್ನು ಕೂರಿಸಲು ಹೋಗಬೇಡಿ. ಹಳೇ ಚಿಪ್‌ನಲ್ಲಿ ಅದೇ 13ನೇ ಕಾಲು ಸ್ಕ್ಯಾನ್ ನಿಲ್ಲಿಸುವ ಸೂಚನೆ ಕೊಡುತ್ತದೆ. ಮೀಟರ್ ಬರುತ್ತದೆ, ಸ್ಕ್ಯಾನರ್ ಹೋಗುತ್ತದೆ.

ಸರ್ಕ್ಯೂಟ್ ಹೀಗಿದೆ. ಟಿಕೆ10420ರ 5ನೇ ಕಾಲಿನಿಂದ 10 ಪಿಕೋಫ್ಯಾರಡ್, ಅಲ್ಲಿಂದ ಬಿಎಫ್245ಎ ಎಫ್‌ಇಟಿಯ ಗೇಟಿಗೆ. ಗೇಟಿನಿಂದ ನೆಲಕ್ಕೆ (ಸರ್ಕ್ಯೂಟಿನ ಗ್ರೌಂಡ್) 1 ಮೆಗಾಓಮ್, ಸೋರ್ಸ್‌ನಿಂದ ನೆಲಕ್ಕೆ 1 ಕಿಲೋಓಮ್, ಡ್ರೇನ್ 5 ವೋಲ್ಟಿಗೆ. ಸೋರ್ಸ್‌ನಿಂದ 0.1 ಮೈಕ್ರೋಫ್ಯಾರಡ್ ಮೂಲಕ ಎಡಿ8307ರ 8ನೇ ಕಾಲು. ಅದರ 1ನೇ ಕಾಲಿನಿಂದ ಇನ್ನೊಂದು 0.1 ನೆಲಕ್ಕೆ. 2 ನೆಲ, 6 ಮತ್ತು 7 ಎರಡೂ 5 ವೋಲ್ಟ್, 5 ಖಾಲಿ ಬಿಡಿ. 455 ಕಿಲೋಹರ್ಟ್ಸ್ ಈ ಚಿಪ್‌ಗೆ ಸ್ವಲ್ಪ ನಿಧಾನದ ಸಿಗ್ನಲ್, ಹಾಗಾಗಿ 3ನೇ ಕಾಲಿನಿಂದಲೂ ನೆಲಕ್ಕೆ 0.1 ಹಾಕಿ. ಔಟ್‌ಪುಟ್ 4ನೇ ಕಾಲು, ಅಲ್ಲಿಂದ ನೆಲಕ್ಕೆ 1 ಮೈಕ್ರೋಫ್ಯಾರಡ್. ಇವಿಷ್ಟೂ ಒಂದು ಅಂಚೆಚೀಟಿ ಗಾತ್ರದ ಬೋರ್ಡಿನಲ್ಲಿ ಹಿಡಿಸುತ್ತದೆ. ಅದನ್ನು ಟಿಕೆ10420ರ ಪಕ್ಕದಲ್ಲೇ ಕೂರಿಸಿ, ತಂತಿ ಒಂದು ಇಂಚು ಮೀರದ ಹಾಗೆ. ಈ ಚಿಪ್ 500 ಮೆಗಾಹರ್ಟ್ಸ್‌ವರೆಗೆ ಏನು ಸಿಕ್ಕಿದರೂ ಅಳೆಯುತ್ತದೆ, ಅದಕ್ಕೆ ಒಳ್ಳೆಯದು ಕೆಟ್ಟದು ಗೊತ್ತಿಲ್ಲ. ಮುಂದಿನ ಪ್ಯಾನೆಲ್‌ಗೆ ಹೋಗುವ ತಂತಿಯಲ್ಲಿ ಬರೀ ಡಿಸಿ ಇರಬೇಕು. ಅದು ಎಷ್ಟು ಉದ್ದವಿದ್ದರೂ ನಡೆಯುತ್ತದೆ.

ಮುಳ್ಳಿಗೆ ನಾನು ಹಳೇ ಟೇಪ್ ಡೆಕ್‌ನಿಂದ ಕಿತ್ತ 200 ಮೈಕ್ರೋಆಂಪ್ ಮೀಟರ್ ಬಳಸಿದೆ. ಆ ಹಳದಿ ಬೆಳಕಿನ ಮೀಟರ್‌ಗಳ ಚಂದವೇ ಬೇರೆ, ಎಲ್‌ಇಡಿ ಸಾಲು ಹಾಕುವವರು ಹಾಕಿಕೊಳ್ಳಲಿ. ಒಂದು ತೊಂದರೆ ಏನಂದರೆ ಸಿಗ್ನಲ್ ಇಲ್ಲದಾಗಲೂ ರೇಡಿಯೋದ ಸ್ವಂತ ಸದ್ದಿಗೆ ಎಡಿ8307 ಒಂದಿಷ್ಟು ವೋಲ್ಟೇಜ್ ಕೊಟ್ಟೇ ಕೊಡುತ್ತದೆ. ಅದನ್ನು ಕಳೆಯಬೇಕು. ಎಲ್‌ಎಂ358 ಒಂದು ತಗೊಳ್ಳಿ, ಒಳಗೆ ಎರಡು ಆಪ್‌ಆಂಪ್ ಇರುತ್ತದೆ. ಒಂದಕ್ಕೆ ಎಡಿ8307ರ ಔಟ್‌ಪುಟ್. ಇನ್ನೊಂದಕ್ಕೆ 5 ವೋಲ್ಟಿನ ಮೇಲೆ ಕಟ್ಟಿದ ಒಂದು ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಎರಡನ್ನೂ ಬರೀ ಬಫರ್ ಆಗಿ, ಅಂದರೆ ಬಂದ ವೋಲ್ಟೇಜನ್ನೇ ಹಾಗೇ ದಾಟಿಸುವಂತೆ ಕಟ್ಟಿ, ಎರಡರ ಔಟ್‌ಪುಟ್ ನಡುವೆ ಮೀಟರ್ ಮತ್ತು 10 ಕಿಲೋಓಮ್‌ನ ಇನ್ನೊಂದು ಪ್ರಿಸೆಟ್. ಆಂಟೆನಾ ಕಿತ್ತು, ಮೊದಲ ಪ್ರಿಸೆಟ್ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತನ್ನಿ. ಇಡೀ ಸ್ಕೇಲ್ 60 ಡೆಸಿಬೆಲ್ ಬೇಕೆಂದರೆ 60 ಗುಣಿಸು 25, ಅಂದರೆ ಒಂದೂವರೆ ವೋಲ್ಟ್. ಅದಕ್ಕೆ ಮುಳ್ಳು ಪೂರ್ತಿ ಹೋಗಲು ಒಟ್ಟು 7.5 ಕಿಲೋಓಮ್ ಬೇಕು, ಎರಡನೇ ಪ್ರಿಸೆಟ್ ಸುಮಾರು ಅಲ್ಲಿ ನಿಲ್ಲುತ್ತದೆ. 5 ವೋಲ್ಟಿಗೆ ಒಂದು 78ಎಲ್05 ರೆಗ್ಯುಲೇಟರ್ ಸಾಕು.

ಒಂದು ಎಚ್ಚರಿಕೆ. ಈ ಸ್ಕ್ಯಾನರ್ ಒಳಗೆ 120 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇದೆ. ಮುಚ್ಚಳ ತೆಗೆದು ಕೆಲಸ ಮಾಡುವಾಗ ಗೋಡೆಯ ಪ್ಲಗ್ ಕಿತ್ತುಬಿಡಿ. ಹಿಂದೆ 13.8 ವೋಲ್ಟ್ ಡಿಸಿ ಕೊಡುವ ಜಾಗ ಇದೆ, ಪರೀಕ್ಷೆಯೆಲ್ಲ ಅದರಲ್ಲೇ ಮಾಡಿ.

ಮುಳ್ಳು ಎದ್ದಿತು, ಸರಿ. ಎಷ್ಟು ಅಂತ ಹೇಗೆ ಹೇಳೋದು? ಹ್ಯಾಮ್‌ಗಳು ಸಿಗ್ನಲ್ ಬಲವನ್ನು ಎಸ್ ಅನ್ನುವ ಮೆಟ್ಟಿಲುಗಳಲ್ಲಿ ಹೇಳುತ್ತಾರೆ. ಅವರ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕದಲ್ಲಿ 30 ಮೆಗಾಹರ್ಟ್ಸ್‌ಗಿಂತ ಮೇಲೆ ಎಸ್9 ಅಂದರೆ -93 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್), ಆಂಟೆನಾದಲ್ಲಿ 5 ಮೈಕ್ರೋವೋಲ್ಟ್. ಒಂದೊಂದು ಎಸ್‌ಗೂ 6 ಡೆಸಿಬೆಲ್. 30ಕ್ಕಿಂತ ಕೆಳಗೆ ಅದೇ ಎಸ್9 ಅಂದರೆ 50 ಮೈಕ್ರೋವೋಲ್ಟ್. ಒಂದೇ ಹೆಸರು, ಹತ್ತು ಪಟ್ಟು ವ್ಯತ್ಯಾಸ! ಗೊಂದಲ ಬೇಡ ಅಂತ ನಾನು ಸ್ಕೇಲಿನ ಮೇಲೆ ಎಸ್ ಬರೆಯಲೇ ಇಲ್ಲ, ಬರೀ ಡೆಸಿಬೆಲ್ ಬರೆದೆ. ಸಿಗ್ನಲ್ ಜನರೇಟರ್ ಇರುವವರು ಪುಣ್ಯವಂತರು. ಇಲ್ಲದವರಿಗೆ ಅಮೆರಿಕದಲ್ಲಿ ಪುಕ್ಕಟೆ ಜನರೇಟರ್ ಒಂದಿದೆ: ಹವಾಮಾನ ರೇಡಿಯೋ. 162.400ರಿಂದ 162.550 ಮೆಗಾಹರ್ಟ್ಸ್ ಒಳಗೆ ಏಳು ಚಾನೆಲ್, ದಿನದ 24 ಗಂಟೆಯೂ ನಿಲ್ಲದೆ ಮಾತು. ಆಂಟೆನಾಗೂ ರೇಡಿಯೋಗೂ ನಡುವೆ, ಸಿಗ್ನಲ್ಲನ್ನು ಗೊತ್ತಿರುವಷ್ಟು ಕುಗ್ಗಿಸುವ ಅಟೆನ್ಯುಯೇಟರ್ ಹಾಕುತ್ತಾ ಹೋಗಿ, ಮುಳ್ಳು ಇಳಿದಲ್ಲೆಲ್ಲ ಗುರುತು ಹಾಕಿ. 150, 39, 150 ಓಮ್ ಮೂರು ರೆಸಿಸ್ಟರ್ ಪೈ ಆಕಾರದಲ್ಲಿ ಕಟ್ಟಿದರೆ ಹೆಚ್ಚುಕಮ್ಮಿ 6 ಡೆಸಿಬೆಲ್. 100, 68, 100 ಕಟ್ಟಿದರೆ ಸುಮಾರು 10. ಸಂಜೆಯ ಕೆಲಸ ಅಷ್ಟೇ. ಇದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನುವುದನ್ನು ಹೇಳುತ್ತದೆ, ನಿಜವಾದ ಮೈಕ್ರೋವೋಲ್ಟ್ ಹೇಳುವುದಿಲ್ಲ. ಅದೂ ಈ ಬ್ಯಾಂಡಿಗೆ ಮಾತ್ರ. ರೇಡಿಯೋದ ಮುಂದಿನ ಭಾಗ 160 ಮೆಗಾಹರ್ಟ್ಸ್‌ನಲ್ಲಿ ಹಿಗ್ಗಿಸಿದಷ್ಟೇ 850ರಲ್ಲೂ ಹಿಗ್ಗಿಸುತ್ತದೆ ಅಂತ ನಂಬಬೇಡಿ. ವಿಮಾನದವರು ಬಳಸುವುದು ಎಎಂ (ಇದರಲ್ಲಿ ಮಾತು ಇರುವುದು ಅಲೆಯ ಎತ್ತರದಲ್ಲೇ), ಅದರ ದಾರಿ ಹಲವು ಸ್ಕ್ಯಾನರ್‌ಗಳಲ್ಲಿ ಬೇರೆ ಚಿಪ್ ಮೂಲಕ ಹೋಗುತ್ತದೆ. ಅಲ್ಲಿ ಈ ಮೀಟರ್ ಏನು ಹೇಳುತ್ತದೆ ಅಂತ ನಿಮ್ಮ ರೇಡಿಯೋದಲ್ಲೇ ನೋಡಬೇಕು.

ಬೆಂಗಳೂರಿನಲ್ಲಿರುವ ನನ್ನ ತಮ್ಮ, ಎಸ್.ಪಿ. ರೋಡಿನಲ್ಲಿ ಇದೆಲ್ಲ ಸಿಗುತ್ತಾ ಅಂತ ಕೇಳಿದ. ಎಲ್‌ಎಂ358, 78ಎಲ್05 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಹಳೇ ಮೀಟರ್ ಹುಡುಕಿದರೆ ಸಿಗುತ್ತದೆ. ಆದರೆ ಭಾರತದಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವ ಮುಂಚೆ ಲೈಸೆನ್ಸ್ ನಿಯಮ ನೋಡಿಕೋ ಅಂದೆ. ಹ್ಯಾಮ್ ಲೈಸೆನ್ಸ್ ಇರುವವರಿಗೆ 144ರಿಂದ 146 ಮೆಗಾಹರ್ಟ್ಸ್ ಇದ್ದೇ ಇದೆ, ಆ ಬ್ಯಾಂಡಿನ ಹಳೇ ಸೆಟ್‌ಗಳಲ್ಲೂ ಎಂಸಿ3361 ಸಿಕ್ಕರೆ ಇದೇ ಸರ್ಕ್ಯೂಟ್ ನಡೆಯುತ್ತದೆ.

ಕೊನೆಗೆ, ಈ ಮುಳ್ಳು ನನಗೆ ಕೊಟ್ಟ ನಿಜವಾದ ಉಪಯೋಗ ಆಂಟೆನಾ ತಿರುಗಿಸುವುದಲ್ಲ. ರೈಲಿನವರ ಒಂದು ಚಾನೆಲ್‌ನಲ್ಲಿ ನನಗೆ ಆಗಾಗ ಬೇರೆ ಯಾರದೋ ಗದ್ದಲ ಕೇಳಿಸುತ್ತಿತ್ತು, ಸಾಕಷ್ಟು ಜೋರಾಗಿಯೇ. ಯಾವುದೋ ಸ್ಟೇಷನ್ ಅಲ್ಲಿ ಬರುತ್ತಿದೆ ಅಂತ ಒಂದು ವರ್ಷ ಅಂದುಕೊಂಡಿದ್ದೆ. ಮೀಟರ್ ಬಂದ ಮೇಲೆ ಆಂಟೆನಾ ದಾರಿಯಲ್ಲಿ 10 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿ ನೋಡಿದೆ. ಹೊರಗಿನಿಂದ ಬರುವ ನಿಜವಾದ ಸಿಗ್ನಲ್ ಆಗಿದ್ದರೆ ಮುಳ್ಳು 10 ಇಳಿಯಬೇಕು. ಎರಡು ಬಲವಾದ ಸ್ಟೇಷನ್‌ಗಳು ನನ್ನ ರೇಡಿಯೋ ಒಳಗೇ ಬೆರೆತು ಹುಟ್ಟಿಸಿದ ಭೂತವಾದರೆ ಸುಮಾರು 30 ಇಳಿಯುತ್ತದೆ, ಯಾಕಂದರೆ ಆ ಬೆರಕೆ ಒಂದಕ್ಕೆ ಮೂರರಂತೆ ಏರಿಳಿಯುತ್ತದೆ. ಮುಳ್ಳು 28 ಇಳಿಯಿತು. ಅದೇ ಚಾನೆಲ್‌ನಲ್ಲಿ ನಿಜವಾದ ರೈಲಿನ ಗಾರ್ಡ್ ಮಾತಾಡಿದಾಗ 10 ಮಾತ್ರ ಇಳಿಯಿತು. ಆ ಅಟೆನ್ಯುಯೇಟರ್ ಈಗಲೂ ಅಲ್ಲೇ ಇದೆ, ತೆಗೆದಿಲ್ಲ.